ಜಲ್ಲಿ ಹಾಕ್ಸೋ ಮುಂಚೆ ಇದನ್ನ ಓದಿ (ಕೊರಕಲು ಬಿದ್ದ ಟ್ರೇಲ್ ಪೋಸ್ಟಿಗೆ ಉತ್ತರ)

ಅಣ್ಣ, ಜಲ್ಲಿ ಲೋಡಿಗೆ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಕೊಡಬೇಡಿ. ಸೈಕಲ್ ಇಳಿಸೋ ಮಣ್ಣುದಾರಿ (ಟ್ರೇಲ್) ಅಂತ ಗುಡ್ಡದ ನೆತ್ತಿಯಿಂದ ಶೆಡ್ಡಿನವರೆಗೂ ಜೆಸಿಬಿಯಲ್ಲಿ ನೇರ ಗೀರು ಎಳೆಸಿದೀರಿ, ಎರಡೇ ಮಳೆಗೆ ಮೊಣಕಾಲುದ್ದ ಕೊರಕಲು ಬಿದ್ದಿದೆ, ಈಗ ಎಷ್ಟು ಲೋಡ್ ಜಲ್ಲಿ, ಎಷ್ಟು ಮೂಟೆ ಸಿಮೆಂಟ್ ಅಂತ ಕೇಳ್ತಿದೀರಿ. ನಾನೂ ಹಿಂಗೇ ತುಂಬ್ಸಿದವನೇ. ಮುಂದಿನ ಮಳೆಗೆ ಜಲ್ಲಿಯೆಲ್ಲ ಕೆಳಗಿನ ರಾಗಿ ಹೊಲದಲ್ಲಿತ್ತು. ಅದಕ್ಕೇ ಉದ್ದ ಬರೀತಿದೀನಿ, ಬೈದಂಗಿದ್ರೆ ಬೇಜಾರಾಗಬೇಡಿ.

ನೀವು ತೋಡಿಸಿರೋದು ಹಳ್ಳ. ಅದರಲ್ಲಿ ಸೈಕಲ್ಲೂ ಓಡುತ್ತೆ, ಅಷ್ಟೇ. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ವರ್ಷಕ್ಕೆ 700-750 ಮಿ.ಮೀ. ಮಳೆ, ಜಾಸ್ತಿಯೇನಲ್ಲ. ಆದ್ರೆ ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಲ್ಲಿ ಬಿರುಸಾಗಿ ಬೀಳುತ್ತೆ. ಕೆಳಗೆ ಬಂಡೆ, ಮೇಲೆ ತೆಳ್ಳಗೆ ಗರಸು ಬೆರೆತ ಕೆಮ್ಮಣ್ಣು, ನೀರು ಇಂಗೋಕೆ ಜಾಗ ಎಲ್ಲಿ? 2021ರ ಆಗಸ್ಟಲ್ಲಿ ನಂದಿಬೆಟ್ಟದ ಡಾಂಬರು ರಸ್ತೆಯೇ ಒಂದು ರಾತ್ರಿಯ ಮಳೆಗೆ ಕೊಚ್ಚಿಹೋಯ್ತು. ನಿಮ್ಮ ಜಲ್ಲಿ ಯಾವ ಲೆಕ್ಕ.

ಲೆಕ್ಕ ಇಷ್ಟೇ: ಟ್ರೇಲಿನ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು. ದಾಟಿದರೆ ನೀರು ಅಡ್ಡ ಹಾಯ್ದು ಹೋಗಲ್ಲ, ದಾರಿ ಹಿಡಿದೇ ಓಡುತ್ತೆ. ಅರ್ಧದೊಳಗಿದ್ರೂ ಒಟ್ಟು ಸರಾಸರಿ 10% (ಅಂದ್ರೆ 100 ಮೀಟರಿಗೆ 10 ಮೀಟರ್ ಇಳಿತ) ದಾಟಬೇಡಿ; ನಮ್ಮ ಗರಸಿಗೆ 7-8 ಸಾಕು. ಫೋಟೋ ನೋಡಿದರೆ ನಿಮ್ಮದು ಸುಮಾರು 25% ಗುಡ್ಡ. 40 ಮೀಟರ್ ಎತ್ತರವನ್ನ ನೇರವಾಗಿ ಇಳಿಸಿದರೆ 160 ಮೀಟರಲ್ಲಿ ಮುಗೀತು. ಅದೇ 8% ಹಿಡಿದು ಅಡ್ಡಡ್ಡ ಇಳಿಸಿದರೆ 500 ಮೀಟರ್ ಸಿಗುತ್ತೆ. ಮಣ್ಣೂ ಉಳೀತು, ಮಜಾನೂ ಮೂರು ಪಟ್ಟು.

ಇಳಿಜಾರು ಅಳೆದು ಗುರುತು ಹಾಕೋಕೆ ಮೊಬೈಲ್ ಆಪ್ ನಂಬಬೇಡಿ, ಒಂದೊಂದು ಫೋನು ಒಂದೊಂದು ಹೇಳುತ್ತೆ. ಜಲಾನಯನ ಕೆಲಸದಲ್ಲಿ ಬದು ಹಾಕೋಕೆ ಬಳಸ್ತಿದ್ರಲ್ಲ, ಎ-ಫ್ರೇಮು, ಅದೇ ಬೇಕು. ತಲೆ ಸೇರಿಸಿ ಕಟ್ಟಿದ ಎರಡು ಸರ್ವೆ ಗಳ, ಕಾಲುಗಳ ನಡುವೆ ಸರಿಯಾಗಿ 2 ಮೀಟರ್, ಅಡ್ಡಪಟ್ಟಿ, ತಲೆಯಿಂದ ಇಳಿಬಿಟ್ಟ ದಾರಕ್ಕೆ ಕಟ್ಟಿದ ಕಲ್ಲು. ಮೊದಲು ಒಂದು ಕಡೆ ನಿಲ್ಲಿಸಿ ಅಡ್ಡಪಟ್ಟಿ ಮೇಲೆ ದಾರ ಬಿದ್ದ ಜಾಗ ಗೀಚಿ, ಕಾಲು ಅದಲುಬದಲು ಮಾಡಿ ಅದೇ ಜಾಗದಲ್ಲಿ ನಿಲ್ಲಿಸಿ ಇನ್ನೊಂದು ಗೀಚಿ. ಎರಡರ ಮಧ್ಯ ಮಟ್ಟ. ಆಮೇಲೆ ಇಳಿಯೋ ಕಡೆ ಕಾಲಿನ ಅಡಿಗೆ 15 ಸೆಂ.ಮೀ. ಮರದ ತುಂಡು ಹೊಡೀರಿ. ಈಗ ದಾರ ಮಧ್ಯಕ್ಕೆ ಬಂದ್ರೆ ನೆಲ 7.5% ಇಳಿದಿದೆ ಅಂತ ಅರ್ಥ. ಖರ್ಚು ನೂರು ರೂಪಾಯೂ ಇಲ್ಲ, ಬ್ಯಾಟರಿನೂ ಬೇಡ. ಗುರುತಿಗೆ ಸುಣ್ಣ ಬೇಡ, ಒಂದು ಹನಿಗೆ ಹೋಗುತ್ತೆ. ಬಟ್ಟೆ ಚೂರು ಕಟ್ಟಿ, ಅದು ಹೊರ ಅಂಚೋ ಒಳ ಅಂಚೋ ಅಂತ ಆಳುಗಳಿಗೆ ಮೊದಲೇ ಹೇಳಿ. ಇಲ್ಲಾಂದ್ರೆ ದಾರಿ ಒಂದು ಮೀಟರ್ ಪಕ್ಕಕ್ಕೆ ಕೂತ್ಕೊಳ್ಳುತ್ತೆ, ನಿಮ್ಮ ಅಳತೆಯೆಲ್ಲ ನೀರುಪಾಲು.

ಕಡಿಯೋದು ಪೂರ್ತಿ ಬೆಂಚು. ಅಂದ್ರೆ ಚಕ್ರ ಓಡೋ ಅಷ್ಟೂ ಅಗಲ ಹಳೇ ಗಟ್ಟಿ ನೆಲದ ಮೇಲಿರಬೇಕು. ಅರ್ಧ ಕಡಿದು, ಆ ಮಣ್ಣನ್ನೇ ಕೆಳಗೆ ಚೆಲ್ಲಿ ಅದರ ಮೇಲೆ ಇನ್ನರ್ಧ ದಾರಿ ಮಾಡಿದರೆ ಮೊದಲ ಮಳೆಗೆ ಹೊರ ಅಂಚು ಜಾರುತ್ತೆ. 90 ಸೆಂ.ಮೀ. ಅಗಲಕ್ಕೆ, 30% ಇಳಿಜಾರಿದ್ದಲ್ಲಿ, ಒಳಬದಿಯಲ್ಲಿ ಸುಮಾರು 22 ಸೆಂ.ಮೀ. ಕಡಿತ ಬರುತ್ತೆ. ಹೊರಕ್ಕೆ 5% ವಾಲಿರಬೇಕು, ಅಂದ್ರೆ 90ಕ್ಕೆ 4.5 ಸೆಂ.ಮೀ. ಕೆಳಗೆ. ಒಳಗೋಡೆಯನ್ನ ನೆಟ್ಟಗೆ ಬಿಡಬೇಡಿ, ಹಿಂದಕ್ಕೆ ಮಲಗಿಸಿ. ಉಳಿದ ಮಣ್ಣನ್ನ ಇಳಿಜಾರಲ್ಲಿ ತೆಳ್ಳಗೆ ಎರಚಿ, ಗುಡ್ಡೆ ಹಾಕಬೇಡಿ.

ಇಲ್ಲೇ ಎಲ್ಲಾರೂ ಎಡವೋದು. ಕೂಲಿಗೆ ಬರೋರು ಹುಟ್ಟಿದಾಗಿಂದ ಹೊಲಕ್ಕೆ ಬದು ಕಟ್ಟಿದೋರು, ನೀರು ಹೊರಗೆ ಹೋಗದಂಗೆ ನಿಲ್ಲಿಸೋದೇ ಕಸುಬು. ನೀವು ಚಹಾ ಕುಡಿದು ಬರೋದ್ರೊಳಗೆ ಹೊರ ಅಂಚಿಗೆ ಚೆಂದದ ಬದು ಎದ್ದಿರುತ್ತೆ, ನೀಟಾಗಿ ದಿಮ್ಮಸು ಹೊಡೆದು! ತೆಗೆಸಿ. ನಾಲ್ಕು ಬೆರಳೆತ್ತರ ಇದ್ರೂ ಸಾಕು, ನೀರು ಒಳಗೇ ಸಿಕ್ಕಿಹಾಕ್ಕೊಂಡು ಉದ್ದಕ್ಕೆ ಓಡೋಕೆ ಶುರು. ಯಾರೂ ಕಟ್ಟದಿದ್ರೂ ಟೈರ್ ಎರಚಿದ ಮಣ್ಣಿಂದ ವರ್ಷಕ್ಕೊಂದು ಬದು ತಾನಾಗೇ ಏಳುತ್ತೆ. ಅದನ್ನ ಮೇ ತಿಂಗಳ ಗುಡುಗುಮಳೆಗೆ ಮುಂಚೆ ಒಮ್ಮೆ, ಆಗಸ್ಟ್ ಕೊನೆಗೆ ಒಮ್ಮೆ ಕೆರೆದು ತೆಗೀಬೇಕು. ವರ್ಷದ ಮೇಂಟೆನೆನ್ಸ್ ಅಂದ್ರೆ ಮುಕ್ಕಾಲು ಪಾಲು ಇದೇ.

ವಾಲಿಕೆಯೊಂದನ್ನೇ ನಂಬಿ ಕೂರಬೇಡಿ, ಚಕ್ರ ತುಳಿದು ತುಳಿದು ಮಧ್ಯ ತಗ್ಗಾಗೇ ಆಗುತ್ತೆ. ಅದಕ್ಕೆ ಪ್ರತಿ 10-15 ಮೀಟರಿಗೊಂದು ಕೋಡಿ ಬೇಕು. ಇಳೀತಾ ಇರೋ ದಾರಿ ಸ್ವಲ್ಪ ತಗ್ಗಿಗೆ ಬಿದ್ದು, ಮೂರು-ನಾಲ್ಕು ಮೀಟರ್ ದೂರ ಸ್ವಲ್ಪ ಮೇಲಕ್ಕೆ ಹತ್ತಿ, ಮತ್ತೆ ಇಳೀಬೇಕು. ತಗ್ಗಿನ ಬಾಯಿ ಹೊರಕ್ಕೆ ಕನಿಷ್ಠ 2 ಮೀಟರ್ ತೆರೆದಿರಲಿ. ಚಿಕ್ಕದಾದ್ರೆ ಎಲೆ, ಹೂಳು ಕಟ್ಟಿ ಮುಚ್ಚುತ್ತೆ. ಅಡ್ಡಕ್ಕೆ ಮರದ ದಿಮ್ಮಿ ಹೂಳ್ತೀನಿ ಅಂತ ಯಾರೋ ಮೇಲೆ ಕಾಮೆಂಟ್ ಹಾಕಿದ್ರು, ದಯವಿಟ್ಟು ಬೇಡ. ಒದ್ದೆ ದಿಮ್ಮಿ ಮೇಲೆ ಮುಂದಿನ ಚಕ್ರ ಓರೆಯಾಗಿ ಹತ್ತಿದರೆ ಕಾಲರ್ ಬೋನ್ ಮುರಿಯೋದು ಗ್ಯಾರಂಟಿ.

ಬರ್ಮ್‌ಗೂ ಇದೇ ಮಾತು. ಬರ್ಮ್ ಅಂದ್ರೆ ತಿರುವಿನ ಹೊರಬದಿಗೆ ಎತ್ತರಿಸಿ ಕಟ್ಟೋ ಮಣ್ಣಿನ ದಂಡೆ; ಕೋಡಿ ಇಲ್ಲದ ಕೆರೆ ಥರ ಅದು. ತಿರುವಿನ ಒಳಗೆ ನೀರು ಬರೋ ಮುಂಚೇನೇ ಹೊರಹಾಕಿ, ಇಲ್ಲಾಂದ್ರೆ ಒಳಗೆ ಕೆಸರು ನಿಲ್ಲುತ್ತೆ. ಬರೀ ಗರಸಲ್ಲಿ ಬರ್ಮ್ ನಿಲ್ಲಲ್ಲ. ನಾಲ್ಕು ಬಾಂಡ್ಲಿ ಕೆಮ್ಮಣ್ಣಿಗೆ ಒಂದು ಬಾಂಡ್ಲಿ ಕೆರೆ ಗೋಡು ಸಾಕು, ಜಾಸ್ತಿ ಹಾಕಿದರೆ ಬೇಸಿಗೆಯಲ್ಲಿ ಬಿರುಕು. ಮಣ್ಣು ಹದಕ್ಕೆ ಬಂದಿದೆಯಾ ಅಂತ ಮುದ್ದೆ ಕಟ್ಟಿ ನೋಡಿ: ಹೆಬ್ಬೆರಳಲ್ಲಿ ಒತ್ತಿದರೆ ಎರಡು ತುಂಡಾಗಬೇಕು. ಉದುರಿದರೆ ನೀರು ಕಮ್ಮಿ, ಅಂಗೈ ಒದ್ದೆಯಾದರೆ ಜಾಸ್ತಿ. 10-15 ಸೆಂ.ಮೀ.ಗೊಂದು ಪದರ, ಪ್ರತಿ ಪದರಕ್ಕೂ ದಿಮ್ಮಸು. ತಿರುವಿಗೆ ಬರೋ ಮುಂಚೆ ಅಲೆ ಅಲೆ ಬೀಳ್ತಿದ್ರೆ ಅದು ಬ್ರೇಕ್ ಹಿಡಿಯೋದ್ರಿಂದ. ಅದನ್ನ ತುಂಬಿ ಪ್ರಯೋಜನ ಇಲ್ಲ. ಮೇಲೊಂದು ಏರು ಕೊಟ್ಟು ಸ್ಪೀಡ್ ಕಮ್ಮಿ ಮಾಡ್ಸಿ.

ಈ ಕೆಲಸಕ್ಕೆಲ್ಲ ಜೆಸಿಬಿ ಬೇಡವೇ ಬೇಡ, ಎರಡು ಮೀಟರ್ ಮೇಲೆ ಅಗಲ ಇರೋ ಗಾಡಿ. ಮಷೀನೇ ಬೇಕಂದ್ರೆ ಕುಬೋಟ ಯು17 ಥರದ ಮಣ್ಣು ಅಗೆಯೋ ಮಿನಿ ಮಷೀನು, ಒಂದು ಮೀಟರ್ ಚಿಲ್ಲರೆ ಅಗಲಕ್ಕೆ ಕೂರುತ್ತೆ. ಕೈಕೆಲಸಕ್ಕೆ ಪಿಕಾಸಿ, ಗುದ್ದಲಿ ನನ್ನ ಮಟ್ಟಿಗೆ ಟಾಟಾ ಅಗ್ರಿಕೊ. ಸಂತೆಯ ತೆಳು ತಗಡು ನಮ್ಮ ನೆಲಕ್ಕೆ ಬಾಗುತ್ತೆ. ನೀಲಗಿರಿ ಬುಡ ಅಡ್ಡ ಬಂದ್ರೆ ನೆಲಮಟ್ಟಕ್ಕೆ ಕುಯ್ಯಬೇಡಿ, ಸೊಂಟದೆತ್ತರ ಬಿಟ್ಟು ಸುತ್ತ ಬಿಡಿಸಿ, ಅದನ್ನೇ ಹಾರೆ ಥರ ಅಲ್ಲಾಡಿಸಿ ಕೀಳಿ. ಬುಡ ಉಳಿದರೆ ಮತ್ತೆ ಚಿಗುರುತ್ತೆ. ಜಾಲಿ ಕಡಿದರೆ ಕೊಂಬೆಯನ್ನ ಟ್ರೇಲ್ ಮೇಲೆ ಎಳೀಬೇಡಿ, ಹೊತ್ತು ಸಾಗಿಸಿ. ಉದುರಿದ ಮುಳ್ಳು ವರ್ಷಗಟ್ಟಲೆ ಪಂಕ್ಚರ್ ಕೊಡುತ್ತೆ, ಟೈರೊಳಗೆ ಸೀಲೆಂಟ್ (ತೂತು ಮುಚ್ಚೋ ದ್ರವ) ಹಾಕಿದ್ದೀನಿ ಅಂತ ಮೀಸೆ ತಿರುವೋರಿಗೂ.

ಈಗಿರೋ ಕೊರಕಲನ್ನ ಮುಚ್ಚೋಕೆ ನಿಮ್ಮ ಜಮೀನಿನ ಕಾಡುಗಲ್ಲೇ ಸಾಕು. 40 ಸೆಂ.ಮೀ. ಎತ್ತರದ ಕಲ್ಲಿನ ತಡೆ, ಮಧ್ಯ ತಗ್ಗು, ಅಂಚು ಎತ್ತರ. ಕೆಳಗಿನ ತಡೆಯ ತಲೆ ಮೇಲಿನದರ ಬುಡದ ಮಟ್ಟಕ್ಕಿರಬೇಕು, ಅಂದ್ರೆ 25% ಇಳಿಜಾರಿಗೆ 1.6 ಮೀಟರಿಗೊಂದು. ನಡುವೆ ಹೂಳು ನಿಂತ ಮೇಲೆ ಲಾವಂಚ ನೆಡಿ. ಮೇಲಿನ ಬಾಯಿಗೆ ಲಂಟಾನ ಕೊಂಬೆ ಒಟ್ಟಿ, ಇಲ್ಲಾಂದ್ರೆ ಹುಡುಗರು ಅದರಲ್ಲೇ ಇಳೀತಾರೆ.

ಇನ್ನೊಂದು: ಮೇಲಿನ ಬೇಲಿ ಆಚೆ ಫಾರೆಸ್ಟ್ ಅಂತ ಬರೆದಿದೀರಿ. ಅಲ್ಲಿ ಒಂದು ಗುದ್ದಲಿ ಏಟೂ ಹಾಕಬೇಡಿ, ಸ್ಟಾರ್ಟ್ ಪಾಯಿಂಟನ್ನ ಬೇಲಿಯಿಂದ ಕೆಳಕ್ಕೇ ಇಟ್ಕೊಳ್ಳಿ. ಅಗೆಯೋ ಕೆಲಸ ಮಳೆ ಬಿದ್ದು ಎರಡು-ಮೂರು ದಿನಕ್ಕೆ, ನೆಲ ಹದವಾಗಿರುವಾಗ. ಫೆಬ್ರವರಿ ಮೇಲೆ ಬರೀ ಧೂಳು, ದಿಮ್ಮಸು ಹೊಡೆದರೂ ಕೂರಲ್ಲ. ಮುಂದಿನ ಮಳೆ ಬರುವಾಗ ಛತ್ರಿ ಹಿಡಿದು ನೀಲಗಿರಿ ಸಾಲಿನ ಹತ್ರ ನಿಂತು ವಿಡಿಯೋ ತೆಗೆದು ಇಲ್ಲೇ ಹಾಕಿ. ಮೊದಲ ಕೋಡಿ ಎಲ್ಲಿ ಒಡೀಬೇಕು ಅಂತ ಅದನ್ನ ನೋಡಿ ಹೇಳ್ತೀನಿ.