ಲಂಡನ್‌ಗೆ ಹೊರಟ ಅಪ್ಪ-ಅಮ್ಮನಿಗೆ ಬಸ್ಸು, ರೈಲಿನ ಖರ್ಚು ಎಷ್ಟಾದೀತು?

ಕುಮಟಾದಿಂದ ನಿಮ್ಮ ಅಪ್ಪ-ಅಮ್ಮ ಎರಡು ತಿಂಗಳಿಗೆಂದು ಲಂಡನ್ನಿನಲ್ಲಿರುವ ಅಕ್ಕನ ಮನೆಗೆ ಹೊರಟಿದ್ದಾರೆ, ಇಬ್ಬರಿಗೂ ಅರವತ್ತು ದಾಟಿದೆ, ಅಲ್ಲಿ ಬಸ್ಸು-ರೈಲಿಗೆ ದಿನಕ್ಕೆ ಎಷ್ಟು ಬೇಕು, ಪಾಸ್ ಮಾಡಿಸಬೇಕೇ ಎಂದು ಕೇಳಿದ್ದೀರಿ. ಕೊನೆಯಲ್ಲಿ ಇನ್ನೊಂದು ಸಾಲು ಬರೆದಿದ್ದೀರಿ: ‘ತಿರುಗಾಟ ಎಲ್ಲ ಬೇಡ, ಮನೆಯಲ್ಲೇ ಇರ್ತೇವೆ ಎಂದು ಅಪ್ಪ ಈಗಲೇ ಹೇಳ್ತಿದ್ದಾರೆ.’ ಆ ಸಾಲು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಾನು ಶಿರಸಿಯವಳು, ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. 2025ರ ಮೇ, ಜೂನ್ ತಿಂಗಳು ನಾವಿಬ್ಬರೂ ಪೂರ್ವ ಲಂಡನ್ನಿನ ಪಾಪ್ಲರ್‌ನಲ್ಲಿ ಮಗಳ ಮನೆಯಲ್ಲಿದ್ದೆವು. ಮೊದಲ ಹತ್ತು ದಿನ ನಮ್ಮನೆಯವರು ಹೊಸ್ತಿಲು ದಾಟಲಿಲ್ಲ. ಬಸ್ಸಿಗೆ 1.75 ಪೌಂಡ್ ಎಂದು ಮಗಳು ಹೇಳಿದ್ದೇ ತಡ, ಮನಸ್ಸಿನಲ್ಲೇ ಗುಣಿಸಿ, ‘ಇನ್ನೂರು ರೂಪಾಯಿ! ಇಷ್ಟು ದುಡ್ಡಲ್ಲಿ ಶಿರಸಿಯಿಂದ ಕುಮಟಾಕ್ಕೆ ಹೋಗಿ ಬರ್ಲಕ್ಕಿತ್ತು’ ಅಂದರು. ಒಬ್ಬರಿಗೆ ಇನ್ನೂರು, ಇಬ್ಬರಿಗೆ ನಾನೂರು, ಹೋಗಿ ಬರಲು ಎಂಟುನೂರು. ನನಗೂ ಕೈ ಹಿಂದೆಗೆಯುತ್ತಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಾನು ನಮ್ಮ ವಾಯವ್ಯ ಸಾರಿಗೆ ಬಸ್ಸಿಗೆ ದುಡ್ಡು ಕೊಟ್ಟವಳೇ ಅಲ್ಲ. ಆಧಾರ್ ತೋರಿಸಿ ಶೂನ್ಯದ ಟಿಕೆಟ್ ತೆಗೆದುಕೊಂಡು ಕಾರವಾರದವರೆಗೂ ಹೋಗಿ ಬಂದವಳು. ಏಳು ಸಮುದ್ರ ದಾಟಿ ಬಂದು ಇಬ್ಬರೂ ಕಿಟಕಿಯಲ್ಲಿ ಕೂತು ಕೆಂಪು ಬಸ್ಸು ಎಣಿಸಿದೆವು. ಆ ಹತ್ತು ದಿನ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮಗೆ ಗೊತ್ತಿರದೇ ಇದ್ದದ್ದು ಒಂದೇ ಸಂಗತಿ. ಅಲ್ಲಿ ದಿನಕ್ಕೊಂದು ಮಿತಿ ಇದೆ, ಅವರು ಕ್ಯಾಪ್ ಅನ್ನುತ್ತಾರೆ. ಬರೀ ಬಸ್ಸಿನಲ್ಲೇ ಓಡಾಡಿದರೆ ನಾವಿದ್ದಾಗ ದಿನಕ್ಕೆ 5.25 ಪೌಂಡ್, ಅಂದರೆ ಮೂರು ಸಲ ಹತ್ತಿದ ದುಡ್ಡು. ನಾಲ್ಕನೆಯ ಬಸ್ಸಿನಿಂದ ರಾತ್ರಿಯವರೆಗೆ ಎಷ್ಟು ಹತ್ತಿಳಿದರೂ ಒಂದು ಪೆನ್ನಿಯೂ ಹೆಚ್ಚಾಗುವುದಿಲ್ಲ. ಅದರ ಮೇಲೆ ಇನ್ನೊಂದು ಅನುಕೂಲ: ಮೊದಲ ಬಸ್ಸಿಗೆ ಕಾರ್ಡು ಮುಟ್ಟಿಸಿದ ಒಂದು ಗಂಟೆಯೊಳಗೆ ಬೇರೆ ಬಸ್ಸು ಹತ್ತಿದರೆ ಅದಕ್ಕೆ ದುಡ್ಡಿಲ್ಲ. ಹತ್ತಿರದ ಅಂಗಡಿಗೆ ಹೋಗಿ, ತರಕಾರಿ ಹಿಡಿದುಕೊಂಡು ಗಂಟೆಯೊಳಗೆ ವಾಪಸ್ ಬಸ್ಸು ಹತ್ತಿದರೆ ಹೋಗಿಬಂದದ್ದಕ್ಕೆಲ್ಲ ಸೇರಿ 1.75 ಪೌಂಡ್ ಆಗುತ್ತಿತ್ತು. ವಾರಕ್ಕೂ ಮಿತಿ ಇದೆ, ಸೋಮವಾರದಿಂದ ಭಾನುವಾರದ ಲೆಕ್ಕ, ಬಸ್ಸಿಗೆ 24.70 ಪೌಂಡ್ ಇತ್ತು. ಇದೆಲ್ಲ ತನ್ನಷ್ಟಕ್ಕೆ ಲೆಕ್ಕವಾಗುತ್ತದೆ, ಪಾಸ್ ಮಾಡಿಸುವ ಗೋಜೇ ಇಲ್ಲ.

ಟ್ಯೂಬ್ ಎನ್ನುವ ನೆಲದಡಿಯ ರೈಲಿಗೆ ಲೆಕ್ಕ ಬೇರೆ. ಊರನ್ನು ಬಳೆಯೊಳಗೊಂದು ಬಳೆ ಇಟ್ಟ ಹಾಗೆ ವಲಯಗಳಾಗಿ ಹಂಚಿದ್ದಾರೆ. ನಟ್ಟನಡುವಿನದು ಒಂದನೇ ವಲಯ, ಹೊರಗೆ ಹೋದಷ್ಟೂ ಸಂಖ್ಯೆ ಏರುತ್ತದೆ. ಒಂದು ಮತ್ತು ಎರಡನೇ ವಲಯದೊಳಗೆ ರೈಲು, ಬಸ್ಸು ಎಲ್ಲ ಸೇರಿ 2025ರಲ್ಲಿ ದಿನದ ಮಿತಿ 8.90 ಪೌಂಡ್, ಆರನೇ ವಲಯದವರೆಗೆ 16.30. ಹಾಗಾಗಿ ಮೊದಲು ಅಕ್ಕನ ಮನೆ ಯಾವ ವಲಯದಲ್ಲಿದೆ ಎಂದು ಕೇಳಿ. ಎರಡರೊಳಗಿದ್ದರೆ, ಆ ದರದಲ್ಲಿ ಇಬ್ಬರಿಗೂ ಸೇರಿ ಆ ವಲಯಗಳೊಳಗೆ ಎಷ್ಟು ತಿರುಗಿದರೂ ದಿನಕ್ಕೆ 18 ಪೌಂಡ್ ದಾಟುವುದಿಲ್ಲ, ಬಸ್ಸಷ್ಟೇ ಆದರೆ 10.50. ದರ ಸಾಮಾನ್ಯವಾಗಿ ಮಾರ್ಚಿನಲ್ಲಿ ಏರುತ್ತದೆ, ಹೊರಡುವ ವಾರ ಲಂಡನ್ನಿನ ಸಾರಿಗೆ ಸಂಸ್ಥೆ ಟಿಎಫ್‌ಎಲ್‌ನ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

ಇನ್ನು ಕಾರ್ಡಿನ ವಿಷಯ. ದಯವಿಟ್ಟು ಇದನ್ನು ನಿಧಾನವಾಗಿ ಓದಿ, ದುಡ್ಡು ಸೋರುವುದು ಇಲ್ಲೇ. ಲಂಡನ್ ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ; ಕಂಡಕ್ಟರೂ ಇಲ್ಲ, ಚಿಲ್ಲರೆ ಜಗಳವೂ ಇಲ್ಲ. ರೈಲಿಗೆ ನಗದು ಕೊಟ್ಟು ಕಾಗದದ ಟಿಕೆಟ್ ಕೊಳ್ಳಬಹುದು, ಆದರೆ ನಾವಿದ್ದಾಗ ಕಾರ್ಡಿನಲ್ಲಿ ಮೂರು ಪೌಂಡಿನೊಳಗೆ ಮುಗಿಯುತ್ತಿದ್ದ ಪ್ರಯಾಣಕ್ಕೆ ಅದರ ಎರಡು ಪಟ್ಟಿಗೂ ಹೆಚ್ಚು ತೆರಬೇಕಿತ್ತು. ಆಯ್ಸ್ಟರ್ ಎಂಬ, ಮೊದಲೇ ದುಡ್ಡು ತುಂಬಿಸಿಡುವ ಅಲ್ಲಿನ ಪ್ರಯಾಣದ ಕಾರ್ಡು ಇಲ್ಲವೇ ಮುಟ್ಟಿಸಿದರೆ ದುಡ್ಡು ಹೋಗುವ ಬ್ಯಾಂಕಿನ ಕಾಂಟ್ಯಾಕ್ಟ್‌ಲೆಸ್ ಕಾರ್ಡು, ಎರಡರಲ್ಲಿ ಯಾವುದಾದರೂ ಸರಿ, ದರ ಒಂದೇ. ಊರಿನ ಬ್ಯಾಂಕಿನ ಕಾರ್ಡಾದರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರಲಿ, ರುಪೇ ನಂಬಿಕೊಂಡು ಹೋಗಬೇಡಿ. ವಿದೇಶದ ಬಳಕೆಯನ್ನೂ ಕಾಂಟ್ಯಾಕ್ಟ್‌ಲೆಸ್ಸನ್ನೂ ಬ್ಯಾಂಕಿನ ಆ್ಯಪ್‌ನಲ್ಲಿ ಇಲ್ಲಿಂದಲೇ ಆನ್ ಮಾಡಿಸಿ. ರಿಸರ್ವ್ ಬ್ಯಾಂಕ್ 2020ರಲ್ಲಿ ನಿಯಮ ಬದಲಿಸಿದ ಮೇಲೆ ಹೊಸ ಕಾರ್ಡುಗಳಲ್ಲಿ ಅದು ತಾನಾಗಿ ತೆರೆದಿರುವುದಿಲ್ಲ. ಅನೇಕ ಕಾರ್ಡುಗಳಿಗೆ ವಿದೇಶಿ ವಿನಿಮಯದ ಶುಲ್ಕವೆಂದು ಶೇಕಡಾ 3.5ರವರೆಗೆ ಸೇರುತ್ತದೆ, ಅದರ ಮೇಲೆ ಜಿಎಸ್‌ಟಿ. ಎರಡು ತಿಂಗಳೆಂದರೆ ನಾನು ಆಯ್ಸ್ಟರೇ ವಾಸಿ ಅನ್ನುತ್ತೇನೆ. ಅದರ ಬೆಲೆ ನಾವಿದ್ದಾಗ 7 ಪೌಂಡ್, ಆಮೇಲೆ 10ಕ್ಕೆ ಏರಿಸಿದರು. ಅದು ವಾಪಸ್ ಬರುವುದಿಲ್ಲ.

ಒಬ್ಬರಿಗೊಂದು ಕಾರ್ಡು ಬೇಕೇ ಬೇಕು, ಒಂದನ್ನೇ ಇಬ್ಬರಿಗೆ ಮುಟ್ಟಿಸಲು ಆಗುವುದಿಲ್ಲ. ಬೆಳಿಗ್ಗೆ ಮುಟ್ಟಿಸಿದ ಕಾರ್ಡನ್ನೇ ರಾತ್ರಿಯವರೆಗೆ ಬಳಸಬೇಕು. ಬೆಳಿಗ್ಗೆ ಕಾರ್ಡು, ಮಧ್ಯಾಹ್ನ ಫೋನು ಎಂದರೆ ಅವೆರಡು ಬೇರೆ ಬೇರೆ ಜನ ಎಂದೇ ಲೆಕ್ಕ, ಮಿತಿ ಮುಟ್ಟುವುದೇ ಇಲ್ಲ. ಬಸ್ಸಿಗೆ ಹತ್ತುವಾಗ ಮಾತ್ರ ಮುಟ್ಟಿಸುವುದು. ರೈಲಿಗೆ ಹತ್ತುವಾಗಲೂ ಇಳಿದು ಹೊರಬರುವಾಗಲೂ. ನಾವು ಎಡವಿದ್ದು ಇಲ್ಲೇ. ಡಿಎಲ್‌ಆರ್ ಎಂಬ ಚಾಲಕನಿಲ್ಲದ ರೈಲು ಇದೆ, ಅದರ ಹೆಚ್ಚಿನ ನಿಲ್ದಾಣಗಳಲ್ಲಿ ಗೇಟೇ ಇರುವುದಿಲ್ಲ, ಕಾರ್ಡು ಮುಟ್ಟಿಸುವ ಕಂಬ ಮಾತ್ರ. ಗ್ರೀನಿಚ್‌ಗೆ ಹೋದ ದಿನ ತಡೆಯುವವರು ಯಾರೂ ಇಲ್ಲವಲ್ಲ ಎಂದು ನಮ್ಮನೆಯವರು ಸೀದಾ ಹೊರಗೆ ನಡೆದರು. ಎಲ್ಲಿ ಇಳಿದರೆಂದು ತಿಳಿಯದ ವ್ಯವಸ್ಥೆ ಗರಿಷ್ಠ ದರವನ್ನೇ ಹಿಡಿಯಿತು. ಅಳಿಯ ಆನ್‌ಲೈನಿನಲ್ಲಿ ಅರ್ಜಿ ಹಾಕಿದ, ಹೆಚ್ಚುವರಿ ದುಡ್ಡು ವಾಪಸ್ ಬಂತು. ಆದರೂ ಅವರು ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ನಿಮ್ಮ ತಂದೆಯವರಿಗೆ ಹಾಗಾಗದಿರಲಿ.

ಅರವತ್ತು ದಾಟಿದವರಿಗೆ ಉಚಿತವಂತೆ ಎಂದು ಯಾರಾದರೂ ಹೇಳಿದರೆ, ಅದು ಅಲ್ಲಿಯೇ ನೆಲೆಸಿದವರಿಗೆ. ಆದರೆ ಸೀನಿಯರ್ ರೇಲ್‌ಕಾರ್ಡ್ ಎಂಬುದನ್ನು ಪ್ರವಾಸಿಗರೂ ಪಾಸ್‌ಪೋರ್ಟ್ ತೋರಿಸಿ ಕೊಳ್ಳಬಹುದು. ನಾವಿದ್ದಾಗ ವರ್ಷಕ್ಕೆ 35 ಪೌಂಡ್. ಬ್ರಿಟನ್ನಿನ ರೈಲು ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಡಿತ. ನಿಲ್ದಾಣದ ಸಿಬ್ಬಂದಿಯ ಬಳಿ ಅದನ್ನು ಆಯ್ಸ್ಟರ್‌ಗೆ ಜೋಡಿಸಿಕೊಂಡರೆ ದಟ್ಟಣೆಯಿಲ್ಲದ ಹೊತ್ತಿನ ಟ್ಯೂಬ್ ದರದಲ್ಲೂ ಅಷ್ಟೇ ಕಡಿತ. ಬಸ್ಸಿಗೆ ಇದು ಇಲ್ಲ. ಆಕ್ಸ್‌ಫರ್ಡ್, ಬಾತ್ ಎಂದೆಲ್ಲ ಎರಡು ಮೂರು ಸಲ ಹೊರಗೆ ಹೋಗುವುದಿದ್ದರೆ ಮಾತ್ರ ಲಾಭ. ಆ ದೂರದ ಟಿಕೆಟ್‌ಗಳನ್ನು ವಾರಗಳ ಮೊದಲೇ ತೆಗೆಸಿ, ಹೊರಡುವ ದಿನ ನಿಲ್ದಾಣದಲ್ಲಿ ಕೊಳ್ಳಲು ಹೋದರೆ ಕಣ್ಣು ಕತ್ತಲೆ ಬರುತ್ತದೆ.

ಹೀಥ್ರೂ ವಿಮಾನ ನಿಲ್ದಾಣದಿಂದ ಬರುವಾಗ ಹೀಥ್ರೂ ಎಕ್ಸ್‌ಪ್ರೆಸ್ ರೈಲು ಹತ್ತಬೇಡಿ. ಕಾಲು ಗಂಟೆಯ ದಾರಿಗೆ ನಾವಿದ್ದಾಗ ಸುಮಾರು 25 ಪೌಂಡ್. ಅದೇ ಪಿಕಡಿಲಿ ಲೈನ್ ಎಂಬ ಟ್ಯೂಬ್ ರೈಲಿನಲ್ಲಿ ಊರೊಳಗೆ ಬರಲು ನಾವು ಕೊಟ್ಟದ್ದು 5.80. ಗಂಟೆ ಹಿಡಿಯುತ್ತದೆ, ಹಿಡಿಯಲಿ.

ಮಿತಿಯ ಲೆಕ್ಕ ತಿಳಿದ ಮೇಲೆ ನಮ್ಮನೆಯವರ ಗುಣಾಕಾರ ತಿರುಗಿತು. ದುಡ್ಡು ಹೇಗೂ ಕೊಟ್ಟಾಗಿದೆ, ಇನ್ನೊಂದು ಸುತ್ತು ಹೋಗೋಣ ಎನ್ನತೊಡಗಿದರು. 15ನೇ ನಂಬರಿನ ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟು ಹಿಡಿದರೆ ಲಂಡನ್ ಟವರ್, ಸೇಂಟ್ ಪಾಲ್ ಚರ್ಚು ಎಲ್ಲ ಕೂತಲ್ಲೇ ಕಾಣುತ್ತವೆ. ಒಂದು ದಿನ ವೂಲಿಚ್‌ಗೆ ಹೋದೆವು. ಅಲ್ಲಿ ಥೇಮ್ಸ್ ದಾಟಿಸುವ ದೊಡ್ಡ ಬಾರ್ಜು ಇದೆ, 1889ರಿಂದಲೂ ಉಚಿತ. ಲಾರಿ, ಕಾರು, ಮನುಷ್ಯರು ಎಲ್ಲ ಒಟ್ಟಿಗೆ. ನಮ್ಮ ತದಡಿಯಿಂದ ಅಘನಾಶಿನಿಗೆ ದಾಟಿದ ಹಾಗೇ ಆಯಿತು. ಗಾಳಿಗೆ ಮುಖವೊಡ್ಡಿ ನಿಂತ ಅವರನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ನಿಮ್ಮ ಅಪ್ಪ ಕರಾವಳಿಯವರು, ಖಂಡಿತ ಕರೆದುಕೊಂಡು ಹೋಗಲು ಅಕ್ಕನಿಗೆ ಹೇಳಿ. ಪ್ರವಾಸಿಗರು ಹತ್ತುವ ನದಿಯ ದೋಣಿಗಳಿಗೆ ಬೇರೆ ಟಿಕೆಟ್, ಅವು ದಿನದ ಮಿತಿಯೊಳಗೆ ಸೇರುವುದಿಲ್ಲ.

ಇನ್ನೊಂದು ಮಾತು, ನೀವು ಕೇಳಿಲ್ಲದಿದ್ದರೂ. ಎರಡೂ ಕಾರ್ಡುಗಳನ್ನು ಅಪ್ಪನ ಪರ್ಸಿನಲ್ಲಿಡಬೇಡಿ. ಮೊದಮೊದಲು ನನ್ನದೂ ಅವರ ಕಿಸೆಯಲ್ಲೇ ಇತ್ತು, ಅವರು ಏಳದೆ ನಾನು ಹೊರಡುವಂತಿರಲಿಲ್ಲ. ಅದು ನನ್ನ ಕೈಗೆ ಬಂದ ಮರುದಿನವೇ ಒಬ್ಬಳೇ 15ನೇ ನಂಬರು ಹತ್ತಿ ಸೇಂಟ್ ಪಾಲ್‌ವರೆಗೆ ಹೋಗಿ, ಮೆಟ್ಟಿಲ ಮೇಲೆ ಕೂತು, ಕಟ್ಟಿಕೊಂಡು ಹೋಗಿದ್ದ ಚಪಾತಿ ತಿಂದು ಬಂದೆ. ಅಮ್ಮನ ಕಾರ್ಡು ಅಮ್ಮನ ಚೀಲದಲ್ಲೇ ಇರಲಿ. ಜೊತೆಗೆ ಒಂದು ಚೀಟಿಯಲ್ಲಿ ಮನೆಗೆ ವಾಪಸ್ ಬರುವ ಬಸ್ಸಿನ ನಂಬರು, ಇಳಿಯುವ ಸ್ಟಾಪಿನ ಹೆಸರು, ಅಕ್ಕನ ಫೋನ್ ನಂಬರು ದೊಡ್ಡ ಅಕ್ಷರದಲ್ಲಿ ಬರೆದು ಕೊಡಿ.