ಲೂಪ್ ಪೆಡಲ್: ಕಾಲು ಒತ್ತಬೇಕಾದದ್ದು ನಾಲ್ಕಕ್ಕೆ ಅಲ್ಲ, ಒಂದಕ್ಕೆ

ಪೆರ್ಲದ ತಮ್ಮನ ಪ್ರಶ್ನೆ ನೋಡಿದೆ. ಓದದವರಿಗೆ ಚುಟುಕಾಗಿ: ಅವನು ಗಿಟಾರಿಗೆ ಒಂದೇ ಬಟನ್ ಇರುವ ಲೂಪ್ ಪೆಡಲ್ ತಗೊಂಡಿದ್ದಾನೆ. ಕಾಲಿನಿಂದ ಒತ್ತಿದರೆ ಬಾರಿಸಿದ್ದನ್ನು ಹಿಡಿಯುತ್ತದೆ, ಮತ್ತೆ ಒತ್ತಿದರೆ ಅದನ್ನೇ ಸುತ್ತಿ ಸುತ್ತಿ ಕೇಳಿಸುತ್ತದೆ, ಅದರ ಮೇಲೆ ಇನ್ನೊಂದು ಲೇಯರ್ ಬಾರಿಸಿ ಸೇರಿಸಬಹುದು. ಲೂಪ್ ತಿರುಗಿ ಬರುವ ಜಾಗದಲ್ಲಿ ಪ್ರತಿ ಸಲ ಎಡವಿದ ಹಾಗೆ ಕೇಳುತ್ತದೆ. ಮೂರನೇ ಲೇಯರ್ ಹಾಕಿದ ಕೂಡಲೇ ಎಲ್ಲ ಕಲಸಿಹೋಗುತ್ತದೆ. ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿದರೆ ಹಿಂದೆ ಗುಂಯ್ ಅಂತ ಸದ್ದು. ಕೊನೆಗೆ, ತಂಗಿ ಹಾಡುವಾಗ ಮಿಶ್ರ ಛಾಪಿಗೆ (ಏಳು ಎಣಿಕೆಯ ತಾಳ) ಲೂಪ್ ಹಾಕಲು ಆಗುತ್ತದಾ, ಅಥವಾ ಇದನ್ನು ಮಾರಿ ದೊಡ್ಡ ಪೆಡಲ್ ತಗೊಳ್ಳಬೇಕಾ ಅಂತ ಕೇಳಿದ್ದಾನೆ.

ಮಾರಬೇಡ ಮಾರಾಯಾ. (ನನ್ನ ಮಗನ ಪ್ರಾಯದವನು ನೀನು, ಏಕವಚನದಲ್ಲೇ ಬರೆಯುತ್ತೇನೆ.) ದೊಡ್ಡ ಪೆಡಲ್ ತಂದರೂ ಇದೇ ಎಡವಟ್ಟು ಬರುತ್ತದೆ, ಯಾಕೆಂದರೆ ಒತ್ತುವ ಕಾಲು ಅದೇ.

ಮೊದಲು ಆ ಎಡವುವ ವಿಷಯ. ನೀನು ಬರೆದದ್ದರಲ್ಲೇ ಉತ್ತರ ಉಂಟು: "ನಾಲ್ಕು ಎಣಿಸಿ ಮುಗಿದ ಕೂಡಲೇ ಒತ್ತುತ್ತೇನೆ" ಅಂದಿದ್ದೀಯ. ಮುಗಿದ ಕೂಡಲೇ ಅಂದರೆ ಯಾವಾಗ? ಅಡಿಕೆ ಸಸಿಯ ಲೆಕ್ಕ ಹಾಕಿ ನೋಡು. ಒಂಬತ್ತು ಅಡಿಗೆ ಒಂದರಂತೆ ಸಾಲಿನಲ್ಲಿ ನಾಲ್ಕು ಸಸಿ ನೆಟ್ಟರೆ ಸಾಲಿನ ಉದ್ದ ಮೂವತ್ತಾರು ಅಡಿ ಅಲ್ಲ, ಇಪ್ಪತ್ತೇಳೇ. ಮೂವತ್ತಾರು ಬೇಕಾದರೆ ಐದನೇ ಸಸಿಯ ಗುಂಡಿಯವರೆಗೆ ಹೋಗಬೇಕು. ತಾಳವೂ ಹಾಗೆಯೇ. ನಾಲ್ಕು ಎಣಿಕೆಯ ಲೂಪ್ ಅಂದರೆ ಮೊದಲ "ಒಂದು"ರಿಂದ ಮುಂದಿನ "ಒಂದು"ವರೆಗಿನ ಅಂತರ. ನಾಲ್ಕರ ಮೇಲೆಯೇ ಒತ್ತಿದರೆ ಒಂದು ಅಂತರ ಪೂರ್ತಿ ಹೋಯಿತು. ನಾಲ್ಕು ಮುಗಿದು ಒಂದು ಬರುವ ಮೊದಲೇ ಒತ್ತಿದರೆ ಅರ್ಧ ಹೋಯಿತು. ನಿನಗೆ ಎಡವಿದ ಹಾಗೆ ಕೇಳುವುದು ಆ ಅರ್ಧ.

ಹಾಗಾಗಿ ಶುರು ಮಾಡುವಾಗಲೂ "ಒಂದು", ಮುಚ್ಚುವಾಗಲೂ "ಒಂದು". ಮುಚ್ಚುವಾಗ ಕೈ ನಿಲ್ಲಿಸಲೇ ಬಾರದು. ಮುಂದಿನ ಸುತ್ತಿನ ಮೊದಲ ಕಾರ್ಡನ್ನು (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು) ಬಾರಿಸುತ್ತಾ ಬಾರಿಸುತ್ತಲೇ ಕಾಲು ಒತ್ತಬೇಕು. ಬಹಳ ಜನ ಕೊನೆಯ ಕಾರ್ಡ್ ಬಾರಿಸಿ, ಗಿಟಾರ್ ಬಿಟ್ಟು, ಪೆಡಲ್ ನೋಡಿ, ಆಮೇಲೆ ಒತ್ತುತ್ತಾರೆ. ಆ ನೋಡುವ ಹೊತ್ತೂ ಲೂಪಿನೊಳಗೆ ಸೇರುತ್ತದೆ.

ಇನ್ನೊಂದು ಉಪಾಯ. ಮೌನದಿಂದ ರೆಕಾರ್ಡ್ ಶುರು ಮಾಡಬೇಡ. ಲೂಪಿಗೆ ಹಾಕುವ ನಾಲ್ಕು ಕಾರ್ಡನ್ನು ಸುಮ್ನೆ ಎರಡು ಸುತ್ತು ಬಾರಿಸು, ಕೈ ಹದಕ್ಕೆ ಬರಲಿ. ಮೂರನೇ ಸುತ್ತಿನ "ಒಂದು"ಕ್ಕೆ ಒತ್ತು, ಐದನೆಯದರ "ಒಂದು"ಕ್ಕೆ ಮುಚ್ಚು. ಎರಡು ಸುತ್ತು ಒಳಗೆ ಬಂತು.

ಹಿಮ್ಮಡಿ ನೆಲಕ್ಕೆ ಊರಿರಲಿ, ಪಾದದ ಮುಂಭಾಗ ಬಟನ್ ಮೇಲೆ ಹಗುರವಾಗಿ ಕೂತಿರಲಿ. ಕಾಲು ಎತ್ತಿ ಕುಟ್ಟುವ ಅಭ್ಯಾಸ ಇದ್ದರೆ ಪ್ರತಿ ಸಲ ಬೇರೆ ಬೇರೆ ಹೊತ್ತಿಗೆ ಬೀಳುತ್ತದೆ. ತಾಳ ಹಾಕುವುದು ಇನ್ನೊಂದು ಕಾಲಿಗೆ ಬಿಡು. ನಮ್ಮ ಮನೆಗಳ ರೆಡ್ ಆಕ್ಸೈಡ್ ನೆಲದಲ್ಲಿ ಸಣ್ಣ ಪೆಡಲ್ ಜಾರುತ್ತದೆ, ಅಡಿಗೆ ಒಂದು ತುಂಡು ರಬ್ಬರ್ ಮ್ಯಾಟ್ ಹಾಕು. ಇದು ಸಣ್ಣ ವಿಷಯ ಅಂತ ಅನ್ನಿಸಬಹುದು. ನಾನು ಒಮ್ಮೆ ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ಚಪ್ಪಲಿ ಹಾಕಿಕೊಂಡೇ ಒತ್ತಿ, ಲೂಪ್ ಕಾಲುಭಾಗ ಎಣಿಕೆಯಷ್ಟು ಉದ್ದವಾಗಿ, ಎರಡನೇ ಸುತ್ತಿಗೇ ತಬಲಾದವನು ಕೈ ಎತ್ತಿ ನನ್ನ ಮುಖ ನೋಡಿದ. ಎದುರು ಕುಳಿತವರಿಗೆ ತಪ್ಪು ಯಾರದ್ದು ಅಂತ ಗೊತ್ತಾಗಲಿಲ್ಲ, ಅವನಿಗೆ ಚೆನ್ನಾಗಿ ಗೊತ್ತಾಯಿತು.

ಲೂಪ್ ಸೇರುವಲ್ಲಿ ತಾಳ ಸರಿ ಇದ್ದೂ ಸದ್ದು ಕತ್ತರಿಸಿದ ಹಾಗೆ ಕೇಳಿದರೆ ಅದು ಬೇರೆ ಕಥೆ. ಕೊನೆಯ ಕಾರ್ಡಿನ ಗುಂಗು, ಡಿಲೇ ಅಥವಾ ರಿವರ್ಬ್ (ಪ್ರತಿಧ್ವನಿ ಕೊಡುವ ಎಫೆಕ್ಟ್‌ಗಳು) ಇದ್ದರೆ ಅದರ ಬಾಲ, ಮುಚ್ಚಿದ ಕ್ಷಣಕ್ಕೆ ತುಂಡಾಗುತ್ತದೆ. ಪರಿಹಾರ: ಮುಚ್ಚಿದ ಕೂಡಲೇ ಓವರ್‌ಡಬ್‌ಗೆ (ಓಡುವ ಲೂಪಿನ ಮೇಲೆಯೇ ಸೇರಿಸುವ ರೆಕಾರ್ಡಿಂಗ್) ಹೋಗಿ, ಆ ಬಾಲವನ್ನು ಮುಂದಿನ ಸುತ್ತಿನ ತಲೆಯ ಮೇಲೆ ಬೀಳಲು ಬಿಟ್ಟು, ಆಮೇಲೆ ಓವರ್‌ಡಬ್ ನಿಲ್ಲಿಸು. ಅಥವಾ ರಿವರ್ಬನ್ನು ಲೂಪರಿನ, ಅಂದರೆ ಲೂಪ್ ಪೆಡಲಿನ, ನಂತರ ಇಡು. ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಮಾತ್ರ ಲೂಪರಿಗಿಂತ ಮೊದಲೇ ಇರಬೇಕು. ಇಲ್ಲದಿದ್ದರೆ ನೀನು ಲೀಡ್‌ಗೆ (ಕಾರ್ಡುಗಳ ಮೇಲೆ ಬಾರಿಸುವ ರಾಗ) ಅದನ್ನು ಒತ್ತಿದಾಗ ಹಿಂದೆ ಓಡುತ್ತಿರುವ ಸಾಧು ಕಾರ್ಡುಗಳೂ ಒಟ್ಟಿಗೆ ಕಿರುಚುತ್ತವೆ.

ಈಗ ಕಲಸಿಹೋಗುವ ವಿಷಯ. ಕೇಳದೆಯೇ ಹೇಳಬಲ್ಲೆ, ನೀನು ಮೂರು ಲೇಯರಿನಲ್ಲೂ ಅದೇ ಸಿ, ಜಿ, ಎ ಮೈನರ್, ಎಫ್ ಅನ್ನು ಆರೂ ತಂತಿಯಲ್ಲಿ ಪೂರ್ತಿ ವಾಲ್ಯೂಮಿನಲ್ಲಿ ಬಾರಿಸಿದ್ದೀಯ. ಒಂದೇ ಮಾತನ್ನು ಮೂರು ಜನ ಒಟ್ಟಿಗೆ ಹೇಳಿದ ಹಾಗೆ. ಪ್ರತಿ ಲೇಯರಿಗೆ ಬೇರೆ ಜಾಗ ಕೊಡು. ಮೊದಲನೆಯದು ಬರೇ ಹೆಬ್ಬೆರಳಿನಿಂದ ದಪ್ಪ ತಂತಿ, ಅಂಗೈ ಅಂಚನ್ನು ಬ್ರಿಜ್ಜಿಗೆ ತಾಗಿಸಿ ಸದ್ದು ಮೊಂಡು ಮಾಡಿ. ಎರಡನೆಯದಕ್ಕೆ ಐದನೇ ಫ್ರೆಟ್ಟಿಗೆ ಕ್ಯಾಪೋ (ಎಲ್ಲ ತಂತಿ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಜಿ, ಡಿ, ಇ ಮೈನರ್, ಸಿ ಹಿಡಿ. ಕೇಳುವುದು ಅದೇ ಸಿ, ಜಿ, ಎ ಮೈನರ್, ಎಫ್, ಆದರೆ ಮೇಲಿನ ದನಿಯಲ್ಲಿ. ಗಿಟಾರಿನ ವಾಲ್ಯೂಮ್ ನಾಬನ್ನು ಏಳಕ್ಕೆ ಇಳಿಸಿ ಬಾರಿಸು. ಆಗ ನಡುವೆ ಒಂದು ಖಾಲಿ ಜಾಗ ಉಳಿಯುತ್ತದೆ, ಲೀಡ್ ಅಲ್ಲಿ ಕೂರುತ್ತದೆ. ಕ್ಯಾಪೋ ಹಾಕಿದ ಮೇಲೆ ಟ್ಯೂನಿಂಗ್ ಒಮ್ಮೆ ನೋಡಿಕೋ. ಲೂಪಿನೊಳಗೆ ಬಿದ್ದ ಅಪಶ್ರುತಿ ಪ್ರತಿ ಸುತ್ತಿಗೂ ವಾಪಸ್ ಬಂದು ಅಣಕಿಸುತ್ತದೆ.

ಅಕೂಸ್ಟಿಕ್ ಗಿಟಾರಿನಲ್ಲಿ ಸದ್ದು ಹಿಡಿಯುವ ಪಿಕಪ್ ಇದ್ದರೆ ಬ್ರಿಜ್ಜಿನ ಹತ್ತಿರ ಅಂಗೈ ಬುಡದಿಂದ ಮೆತ್ತಗೆ ತಟ್ಟಿ ನೋಡು, ದುಮ್ ಅಂತ ಒಳ್ಳೆ ಸದ್ದು ಬರುತ್ತದೆ. ಪಕ್ಕದ ಮರಕ್ಕೆ ಬೆರಳಿನಿಂದ ಹೊಡೆದರೆ ಟಕ್. ಇವೆರಡರಲ್ಲಿ ತಾಳ ಹಾಕಿಬಿಟ್ಟರೆ ಮುಂದಿನದು ಸಲೀಸು. ಸರಿ ಬಾರದ ಲೇಯರನ್ನು ಹೆಚ್ಚಿನ ಪೆಡಲುಗಳಲ್ಲಿ ಬಟನ್ ಒತ್ತಿ ಹಿಡಿದು ತೆಗೆಯಬಹುದು, ಆದರೆ ಕೊನೆಯದನ್ನು ಮಾತ್ರ. ಮೂರು ಹಾಕಿದ ಮೇಲೆ ಒಂದನೆಯದು ಚೆನ್ನಾಗಿಲ್ಲ ಅಂದರೆ ಮೊದಲಿನಿಂದ ಮಾಡುವುದೇ.

ಮಿಶ್ರ ಛಾಪು ಧಾರಾಳ ಆಗುತ್ತದೆ. ಪೆಡಲಿಗೆ ಏಳು, ನಾಲ್ಕು ಏನೂ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಎರಡು ಒತ್ತುಗಳ ನಡುವಿನ ಹೊತ್ತು ಮಾತ್ರ. ತಕಿಟ ತಕದಿಮಿ ಎರಡು ಆವರ್ತ ಹೇಳಿಕೊಂಡು ಹದಿನಾಲ್ಕು ಎಣಿಸಿ, ಹದಿನೈದಕ್ಕೆ, ಅಂದರೆ ಹೊಸ ಆವರ್ತದ ಮೊದಲ "ತ"ಕ್ಕೆ, ಮುಚ್ಚು. ತಂಗಿಗೆ ಅಭ್ಯಾಸಕ್ಕೆ ಅಂತಾದರೆ ತಾಳವೂ ಬೇಡ, ಶ್ರುತಿ ಸಾಕು. ಅವಳದ್ದು ಐದು ಮನೆ ಶ್ರುತಿ ಅಂದಿದ್ದೀಯ, ಗಿಟಾರಿನಲ್ಲಿ ಅದು ಜಿ. ಜಿ ಮತ್ತು ಡಿ ಎರಡನ್ನೇ, ಸ ಪ ಅಂತ, ನಿಧಾನಕ್ಕೆ ಮೀಟಿ ಒಂದು ಉದ್ದದ ಲೂಪ್ ಮಾಡಿ ಬಿಡು. ಅವಳು ಹಾಡುತ್ತಿರಲಿ, ನೀನು ಹೋಗಿ ಚಹಾ ಕುಡಿ.

ರೆಕಾರ್ಡಿಂಗಿಗೆ ಬರುತ್ತೇನೆ. ಗುಂಯ್ ಸದ್ದಿಗೆ ಒಂದೊಂದೇ ತೆಗೆದು ನೋಡಬೇಕು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸು. ನೂರಕ್ಕೆ ಐವತ್ತು ಸಲ ಅಲ್ಲಿಗೇ ಮುಗಿಯುತ್ತದೆ ಅಂತ ನನ್ನ ಅನುಭವ. ಮುಗಿಯದಿದ್ದರೆ ಫ್ಯಾನ್ ಆಫ್ ಮಾಡು, ರೆಗ್ಯುಲೇಟರ್ ಕೂಡ ಗೊರಗುಡುತ್ತದೆ. ಆಮೇಲೆ ಕೇಬಲ್ ಬದಲಿಸು, ಆಮೇಲೆ ಪೆಡಲಿನ ಅಡಾಪ್ಟರ್. ಗಿಟಾರಿನ ತಂತಿ ಮುಟ್ಟಿದಾಗ ಸದ್ದು ಕಡಿಮೆಯಾಗುತ್ತದೆ ಅಂತಾದರೆ ಅರ್ತಿಂಗ್ ಕಡೆ ಅನುಮಾನ ಪಡು. ಮುರಕಲ್ಲಿನ (ಜಂಬಿಟ್ಟಿಗೆ) ಗುಡ್ಡೆಯ ಮೇಲಿನ ಮನೆಗಳಲ್ಲಿ ಏಪ್ರಿಲ್, ಮೇ ಬಂದರೆ ಮಣ್ಣು ಒಣಗಿ ಅರ್ತಿಂಗ್ ಕೆಲಸ ಮಾಡುವುದಿಲ್ಲ, ಗುಂಡಿಗೆ ನೀರು ಹೊಯ್ಯಬೇಕಾಗುತ್ತದೆ. ಯಾರೋ ವಿಡಿಯೋದಲ್ಲಿ ಹೇಳಿದರು ಅಂತ ಪ್ಲಗ್ಗಿನ ಮೂರನೇ ಪಿನ್ ಕತ್ತರಿಸಲು ಹೋಗಬೇಡ. ಸದ್ದು ಹೋಗಬಹುದು, ಜೀವವೂ ಹೋಗಬಹುದು.

ಅಡಾಪ್ಟರ್ ಅಂದಾಗ ನೆನಪಾಯಿತು. ಗಿಟಾರ್ ಪೆಡಲುಗಳಿಗೆ ಸಾಮಾನ್ಯವಾಗಿ ಬೇಕಾದದ್ದು 9 ವೋಲ್ಟ್ ಡಿಸಿ, ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್. ಮನೆಯಲ್ಲಿ ಬಿದ್ದಿರುವ ರೂಟರ್ ಅಡಾಪ್ಟರ್ ಹೆಚ್ಚಾಗಿ 12 ವೋಲ್ಟ್, ನಡುವೆ ಪ್ಲಸ್. ಪಿನ್ ಸರಿಯಾಗಿ ಕೂರುತ್ತದೆ, ಮೋಸ ಅಲ್ಲೇ ಇರುವುದು. ನನ್ನ ಮೊದಲ ಪೆಡಲಿನಿಂದ ಸಣ್ಣ ಸುಟ್ಟ ವಾಸನೆ ಬಂತು, ಮತ್ತೆ ಅದು ಏಳಲಿಲ್ಲ. ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ರೆಕಾರ್ಡ್ ಮಾಡುವುದೂ ಬೇಡ, ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಸದ್ದು ಇನ್ನೂ ಜಾಸ್ತಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ, ಪೆಡಲಿಗೆ ಬ್ಯಾಟರಿ ಹಾಕುವ ಜಾಗ ಇದ್ದರೆ ಅದೂ ಬ್ಯಾಟರಿಯಲ್ಲಿ, ಇನ್ವರ್ಟರ್ ಬಂದ್ ಮಾಡಿ ಕೂತರೆ, ಫ್ರಿಜ್ಜೂ ಇಲ್ಲ, ತೋಟದ ಪಂಪೂ ಇಲ್ಲ, ಕಾಸರಗೋಡಿನಲ್ಲಿ ಅದಕ್ಕಿಂತ ಒಳ್ಳೆ ಸ್ಟುಡಿಯೋ ಸಿಗಲಿಕ್ಕಿಲ್ಲ. ಸಿಡಿಲು ಶುರುವಾದರೆ ಮಾತ್ರ ಎಲ್ಲ ಕಿತ್ತಿಟ್ಟು ಎದ್ದುಬಿಡು.

ಪೆಡಲಿನ ವಯರನ್ನು ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ಹಾಕುವುದನ್ನು ನಿಲ್ಲಿಸು. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಹೊಸ ಪೆಡಲಿಗೆ ಅಲ್ಲ, ಸಣ್ಣ ಆಡಿಯೋ ಇಂಟರ್‌ಫೇಸಿಗೆ (ಗಿಟಾರಿನ ಸದ್ದನ್ನು ಲ್ಯಾಪ್‌ಟಾಪಿಗೆ ಕಳಿಸುವ ಪೆಟ್ಟಿಗೆ) ಮಾಡು. ಅದರಲ್ಲಿ ಇನ್‌ಸ್ಟ್ರುಮೆಂಟ್ ಅಂತ ಸ್ವಿಚ್ ಇರುತ್ತದೆ, ಅದನ್ನು ಒತ್ತು. ಜೋರಾಗಿ ಬಾರಿಸಿದಾಗ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಗೇನ್ (ಒಳಬರುವ ಸದ್ದಿನ ಮಟ್ಟ) ಇಡು, ಕೆಂಪು ಮುಟ್ಟಿಸಬೇಡ. ಹೆಡ್‌ಫೋನಿನಲ್ಲಿ ನಿನ್ನದೇ ಸದ್ದು ತಡವಾಗಿ ಕೇಳಿದರೆ ಡೈರೆಕ್ಟ್ ಮಾನಿಟರ್ (ಲ್ಯಾಪ್‌ಟಾಪ್ ಸುತ್ತಿ ಬಾರದೆ ನೇರ ಕೇಳಿಸುವುದು) ಹಾಕಿಕೋ, ಇಲ್ಲವೇ ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಸಿಟ್ಟುಕೊಳ್ಳುವ ಸದ್ದಿನ ತುಂಡು) ಇಳಿಸು. 48000 ಸ್ಯಾಂಪಲ್ ರೇಟಿನಲ್ಲಿ 1024ರ ಬಫರ್ ಒಂದು ಕಡೆಗೇ 21 ಮಿಲಿಸೆಕೆಂಡ್ ತಿನ್ನುತ್ತದೆ, 128ಕ್ಕೆ ಇಳಿಸಿದರೆ ಮೂರೂ ಇಲ್ಲ. ಮೈಕಿನಿಂದಲೇ ಹಿಡಿಯಬೇಕು ಅಂತಾದರೆ ಹನ್ನೆರಡನೇ ಫ್ರೆಟ್ಟಿನ ಎದುರು ಒಂದು ಗೇಣು ದೂರ ಇಡು. ಜೂನ್, ಜುಲೈಯಲ್ಲಿ ಆ ಆಸೆ ಬಿಡುವುದು ಒಳ್ಳೆಯದು, ಹಂಚಿನ ಮೇಲಿನ ಮಳೆ ಗಿಟಾರಿಗಿಂತ ಚೆನ್ನಾಗಿ ರೆಕಾರ್ಡ್ ಆಗುತ್ತದೆ. ಈಗ ಬೆಳಗ್ಗೆ ನವಿಲುಗಳ ಕಾಟ ಬೇರೆ.

ಇನ್ನು, ಮೂರು ಲೇಯರ್ ಪೆಡಲಿನಲ್ಲಿ ಹಾಕಿ ಆ ಒಟ್ಟು ಸದ್ದನ್ನೇ ರೆಕಾರ್ಡ್ ಮಾಡಿ ಹಾಡು ಮುಗಿಸಲು ನೋಡಬೇಡ. ಪೆಡಲಿನಿಂದ ಹೊರಗೆ ಬರುವಾಗ ಎಲ್ಲವೂ ಒಂದೇ ಆಗಿ ಬರುತ್ತದೆ. ಆಮೇಲೆ ಬೇಸ್ ಜಾಸ್ತಿ ಆಯಿತು ಅಂತ ಅನ್ನಿಸಿದರೆ ಬೇರ್ಪಡಿಸಲು ಆಗುವುದಿಲ್ಲ. ನಾನು ಲೂಪರನ್ನು ರಫ್ ನೋಟ್‌ಬುಕ್ ಥರ ಇಟ್ಟುಕೊಂಡಿದ್ದೇನೆ. ಹಾಡಿನ ಆಕಾರ ಅದರಲ್ಲಿ ಸಿಕ್ಕಿದ ಮೇಲೆ ಲೂಪನ್ನು ಒಂದು ಸುತ್ತು ಮಾತ್ರ ಲ್ಯಾಪ್‌ಟಾಪಿಗೆ ಹಿಡಿಯುತ್ತೇನೆ, ಅದು ಎಷ್ಟು ಸೆಕೆಂಡ್ ಅಂತ ಅಳೆಯುತ್ತೇನೆ. ಮೊನ್ನೆಯದು ಹದಿನಾರು ಎಣಿಕೆ, 11.4 ಸೆಕೆಂಡ್. ಹದಿನಾರನ್ನು ಅರವತ್ತರಿಂದ ಗುಣಿಸಿ 11.4ರಿಂದ ಭಾಗಿಸಿದರೆ ನಿಮಿಷಕ್ಕೆ 84.2 ಎಣಿಕೆ. ಸಾಫ್ಟ್‌ವೇರಿನ ಟೆಂಪೋ 84.2 ಇಟ್ಟು, ಕ್ಲಿಕ್ ಕೇಳುತ್ತಾ, ಪ್ರತಿ ಲೇಯರನ್ನು ಬೇರೆ ಬೇರೆ ಟ್ರ್ಯಾಕಿನಲ್ಲಿ ಪೂರ್ತಿ ಹಾಡಿನಷ್ಟು ಉದ್ದಕ್ಕೆ ಹೊಸದಾಗಿ ಬಾರಿಸಿದೆ. ಹೌದು, ಕೆಲಸ ಜಾಸ್ತಿ. ಆದರೆ ಕೈಯಿಂದ ಬಾರಿಸಿದ್ದು ಪ್ರತಿ ಸುತ್ತಿಗೆ ಕೂದಲೆಳೆಯಷ್ಟು ಬೇರೆ ಇರುತ್ತದೆ. ಮೂರು ನಿಮಿಷ ಒಂದೇ ಲೂಪ್ ಕೇಳಿದರೆ ಬರುವ ಬೇಸರ ಇದರಲ್ಲಿ ಬರುವುದಿಲ್ಲ. ರೀಪರ್ ಸಾಫ್ಟ್‌ವೇರನ್ನು 60 ದಿನ ದುಡ್ಡು ಕೊಡದೆ ಬಳಸಿ ನೋಡಬಹುದು, ಅಷ್ಟರಲ್ಲಿ ನಿನಗೇ ಗೊತ್ತಾಗುತ್ತದೆ.

ಲೂಪಿನ ಮೇಲೆಯೇ ಲೀಡ್ ಬಾರಿಸಿ ಸಣ್ಣ ವಿಡಿಯೋ ಮಾಡುವುದಾದರೆ ಇಷ್ಟೆಲ್ಲ ಬೇಡ. ಮೊದಲು ಲೂಪನ್ನು ಎರಡು ನಿಮಿಷ ಓಡಲು ಬಿಟ್ಟು ಒಂದು ಟ್ರ್ಯಾಕಿಗೆ ಹಿಡಿ, ಲೀಡ್ ಇನ್ನೊಂದಕ್ಕೆ. ಅಷ್ಟೇ.

ಸದ್ಯ ಒಂದು ಕೆಲಸ ಮಾಡು. ಬರೇ ದಪ್ಪ ತಂತಿಯ ಒಂದು ಲೇಯರ್, ಎಂಟು ಎಣಿಕೆ, ನಾಲ್ಕು ಸುತ್ತು ತಿರುಗುವಷ್ಟು ರೆಕಾರ್ಡ್ ಮಾಡಿ ಇಲ್ಲಿ ಹಾಕು. ಅಡಾಪ್ಟರಿನ ಒಂದು ಫೋಟೋವೂ ಇರಲಿ, ಅದರ ಮೇಲಿನ ಪ್ಲಸ್ ಮೈನಸ್ ಗುರುತು ಕಾಣುವ ಹಾಗೆ ತೆಗೆ.