ಛಲವೊಂದಿದ್ದರೆ ಸಾಕೇ?

ಪತ್ರ: "ಮಹಿಳಾ ಕ್ರಿಕೆಟ್ ವಿಶ್ವಕಪ್ಪಿನ ನೆಪದಲ್ಲಿ ನೀವು ಮತ್ತೆ ಹುಡುಗಿಯರ ಆಟಕ್ಕೆ ಸೌಲಭ್ಯವಿಲ್ಲ ಎಂಬ ಹಳೇ ರಾಗ ಎಳೆದಿದ್ದೀರಿ. ಕಾರ್ಕಳದ ಹೆರ್ಮುಂಡೆಯ ಕಬಡ್ಡಿ ಆಟಗಾರ್ತಿ ಮಮತಾ ಪೂಜಾರಿ ಯಾವ ಸೌಲಭ್ಯದಿಂದ ಬೆಳೆದರು? ಛಲವಿದ್ದವಳು ಹೇಗೂ ಮೇಲೆ ಬರುತ್ತಾಳೆ. ಹೈಸ್ಕೂಲೊಂದರ ಆಡಳಿತ ಮಂಡಳಿಯಲ್ಲಿದ್ದು ನೋಡಿದ ಮಾತಿದು."
– ಓದುಗರೊಬ್ಬರು, ಕಾಪು

ಇಷ್ಟು ಚೆಂದದ ಕೈಬರಹದಲ್ಲಿ ಬೈಸಿಕೊಳ್ಳುವುದೂ ಒಂದು ಸುಖವೇ. ಛಲ ಬೇಕು, ಒಪ್ಪಿದೆ. ಅದಿಲ್ಲದೆ ನಸುಕಿನಲ್ಲಿ ಎದ್ದು ಮಂಗಳೂರಿನ ಮಂಗಳಾ ಸ್ಟೇಡಿಯಮ್ಮಿಗೆ ಯಾರೂ ಹೋಗುವುದಿಲ್ಲ. ಆದರೆ ಮಾರಾಯ್ರೇ, ಮೇಲೆ ಬಂದವಳೊಬ್ಬಳನ್ನು ತೋರಿಸಿ, ಬಾರದವರಿಗೆಲ್ಲ ಛಲವಿರಲಿಲ್ಲ ಅನ್ನುವುದು ಯಾವ ಲೆಕ್ಕ?

ಮಮತಾ ಅವರ ಮಾತೇ ಆಗಲಿ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ, 2012ರಲ್ಲಿ ಪಾಟ್ನಾದಲ್ಲಿ ನಾಯಕಿಯಾಗಿ ವಿಶ್ವಕಪ್, 2014ರ ಇಂಚೆಯಾನ್‌ನಲ್ಲಿ ಮತ್ತೆ ಚಿನ್ನ. ಗಂಡಸರ ಕಬಡ್ಡಿ ಏಷ್ಯನ್ ಗೇಮ್ಸ್‌ಗೆ ಸೇರಿದ್ದು 1990ರಲ್ಲಿ, ಹೆಂಗಸರದ್ದು 2010ರಲ್ಲಿ. ಆ ಇಪ್ಪತ್ತು ವರ್ಷ ನಮ್ಮೂರ ಅಂಗಳಗಳಲ್ಲಿ ಆಡಿ, ಮದುವೆಯಾಗಿ ಹೋದವರಿಗೆ ಛಲ ಕಡಿಮೆಯಿತ್ತೇ? ಏಷ್ಯನ್ ಗೇಮ್ಸ್‌ನ ಬಾಗಿಲೇ ಅವರಿಗೆ ತೆರೆದಿರಲಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಶುರುವಾಯಿತು. ಹರಾಜಿನಲ್ಲಿ ಕೆಲವು ಹುಡುಗರ ಬೆಲೆ ಮುಂದೆ ಕೋಟಿಯನ್ನೂ ದಾಟಿತು. ಹುಡುಗಿಯರಿಗೆ 2016ರಲ್ಲಿ ಮೂರು ತಂಡಗಳ ಒಂದು ಪಂದ್ಯಾವಳಿ ಮಾಡಿದರು. ಮರುವರ್ಷ ಅದರ ಸುದ್ದಿಯಿಲ್ಲ.

ಮಂಗಳೂರು ಕಡೆಯ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಎತ್ತರ ಜಿಗಿದು ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಹಾಗೆ ಜಿಗಿದವರು ಬೀಳುವುದಕ್ಕೆ ದಪ್ಪನೆಯ ಮ್ಯಾಟು ಬೇಕು. ಛಲವನ್ನು ಹಾಸಿ ಅದರ ಮೇಲೆ ಬೀಳಲಾಗುವುದಿಲ್ಲ.

ಹಳೆಯದೊಂದು ಕತೆ ಕೇಳಿ. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಓಡಿ ದಣಿದ ಹೆಂಗಸರನ್ನು ಕಂಡು, ಇವರ ಕೈಲಾಗದು ಎಂದು ಆ ಓಟವನ್ನೇ ತೆಗೆದರು. ಮತ್ತೆ ಸೇರಿಸಿದ್ದು 1960ರಲ್ಲಿ. ಆಗ ಶಕ್ತಿ ಸಾಲದೆಂದು ಅವಕಾಶ ಕೊಡಲಿಲ್ಲ. ಈಗ ಛಲವಿದೆಯಲ್ಲ ಎಂದು ಸೌಲಭ್ಯ ಕೊಡುವುದಿಲ್ಲ. ಹೆಂಗಸರ ಕ್ರಿಕೆಟ್ಟಿನಲ್ಲಿ ಏನಾಯಿತು ನೋಡಿ: 2022ರಲ್ಲಿ ಗಂಡಸರಿಗೆ ಸಮನಾದ ಪಂದ್ಯ ಶುಲ್ಕ, 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್, 2025ರ ನವೆಂಬರಿನಲ್ಲಿ ವಿಶ್ವಕಪ್. ದುಡ್ಡು ಮೊದಲು ಬಂತು, ಕಪ್ಪು ಆಮೇಲೆ.

ನಮ್ಮ ಎರಡು ಜಿಲ್ಲೆಗಳ ರೋಗವೇ ಬೇರೆ. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಸಂತೋಷವೇ. ಆದರೆ ಹತ್ತನೇ ಕ್ಲಾಸಿನ ಪಿ.ಟಿ. ಪೀರಿಯಡ್ಡನ್ನು ಗಣಿತದ ಮಾಷ್ಟ್ರು ನುಂಗಿದರೆ ಹುಡುಗರು ಸಂಜೆ ಗದ್ದೆಗಿಳಿದು ಆಡಿಕೊಳ್ಳುತ್ತಾರೆ. ಹುಡುಗಿ ಟ್ಯೂಷನ್ನಿಗೆ, ಅಲ್ಲಿಂದ ಕತ್ತಲಾಗುವ ಮೊದಲು ಬಸ್ಸಿಗೆ. ಅವಳ ಆಟ ಅಲ್ಲಿಗೆ ಮುಗಿಯಿತು.

ಹೇಗೋ ಗೆದ್ದು ಬಂದಳೋ, ನಾವು ತಯಾರು! ಶಾಲು, ಹಾರ, ಫಲಪುಷ್ಪ, ಸರ್ಕಲ್ಲಿನಲ್ಲಿ ಫ್ಲೆಕ್ಸು. ಅದರಲ್ಲಿ ಗೆದ್ದವಳ ಮುಖಕ್ಕಿಂತ ಶುಭ ಕೋರುವವರ ಮುಖವೇ ದೊಡ್ಡದು. ವೇದಿಕೆಯಲ್ಲಿ 'ಬಡತನದಲ್ಲಿ ಅರಳಿದ ಪ್ರತಿಭೆ' ಎಂದು ಬಾಯ್ತುಂಬ ಭಾಷಣ. ಅರಳುವ ಮೊದಲು ನೀವೆಲ್ಲ ಎಲ್ಲಿದ್ದಿರಿ ಎಂದು ಸಭೆಯಲ್ಲಿ ಯಾರೂ ಕೇಳುವುದಿಲ್ಲ (ವರದಿ ಹಾಕುವ ನಮ್ಮಂಥ ಪತ್ರಿಕೆಯವರೂ).

ನೀವು ಆಡಳಿತ ಮಂಡಳಿಯವರು. ಮುಂದಿನ ಮೀಟಿಂಗಿನಲ್ಲಿ ವಿಚಾರಿಸಿ: ಹುಡುಗಿಯರಿಗೆ ಬಟ್ಟೆ ಬದಲಿಸಲು ಕೋಣೆ ಇದೆಯೇ, ಕಬಡ್ಡಿ ಮ್ಯಾಟ್ ಇದೆಯೇ, ಹತ್ತನೇ ಕ್ಲಾಸಿಗೆ ನಿಜವಾಗಿ ಪಿ.ಟಿ. ನಡೆಯುತ್ತದೆಯೇ. ಉತ್ತರ ಬರೆದು ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇವೆ.

– ಸಂ.